ದಾರಿ ಯಾರದು?

ಹಿಂದಿನ ಕಾಲದಲ್ಲಿ ನಮ್ಮ ನಾಡಿನ ದಾರಿಗಳನ್ನು ಬಳಸುತ್ತಿದ್ದವರಲ್ಲಿ ನಡೆದು ಹೋಗುವವರೇ ಹೆಚ್ಚು. ದಾರಿಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸುವುದು, ಬಾಯಾರಿದವರಿಗೆ ಅರವಟ್ಟಿಗೆ ಇಡಿಸುವುದು, ತಲೆಹೊರೆಯವರು ಹೊರೆಯಿಳಿಸಿ ದಣಿವಾರಿಸಿಕೊಳ್ಳಲೆಂದು ಕಲ್ಲು ನಿಲ್ಲಿಸುವುದು ಪುಣ್ಯಕಾರ್ಯಗಳೆಂದು ಜನರು ನಂಬಿದ್ದರು. ಗಾಡಿಗಳೂ ಕುದುರೆಗಳೂ ಅದೇ ದಾರಿಯಲ್ಲಿ ಸಾಗುತ್ತಿದ್ದುವು. ಆದರೂ ಈ ಏರ್ಪಾಟುಗಳೆಲ್ಲ ಕಾಲ್ನಡಿಗೆಯವನ ಕಷ್ಟವನ್ನು ಅರಿತು ಮಾಡಿದವುಗಳಾಗಿದ್ದುವು.

ಇಂದಿನ ಮಹಾನಗರವೊಂದರ ಮುಖ್ಯ ರಸ್ತೆಯನ್ನು ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಕಚೇರಿಗೆ, ಕಾರ್ಖಾನೆಗೆ, ಶಾಲೆಗೆ ಹೊರಟವರೆಲ್ಲ ಒಂದೇ ವೇಳೆಗೆ ರಸ್ತೆಗೆ ಬಂದಿರುತ್ತಾರೆ. ಕಾರುಗಳು ಒಂದರ ಹಿಂದೊಂದು ನಿಂತಿರುತ್ತವೆ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಒಬ್ಬರೋ ಇಬ್ಬರೋ ಕುಳಿತಿರುತ್ತಾರೆ. ಅವುಗಳ ನಡುವೆ, ಐವತ್ತು ಅರವತ್ತು ಮಂದಿಯನ್ನು ತುಂಬಿಕೊಂಡ ಬಸ್ಸೂ ಸಿಕ್ಕಿಬಿದ್ದಿರುತ್ತದೆ. ಸೈಕಲ್ ಸವಾರನು ಚರಂಡಿಯ ಅಂಚನ್ನು ಹಿಡಿದು ಜೀವ ಬಿಗಿಹಿಡಿದು ಸಾಗುತ್ತಾನೆ. ಪಾದಚಾರಿ ಮಾರ್ಗದ ಮೇಲೆ ವಾಹನಗಳನ್ನು ನಿಲ್ಲಿಸಿರುವುದರಿಂದ ಪುಸ್ತಕದ ಚೀಲ ಹೊತ್ತ ಬಾಲಕಿ ರಸ್ತೆಗಿಳಿದು ನಡೆಯಬೇಕಾಗುತ್ತದೆ. ಆಚೆ ಬದಿಗೆ ದಾಟಬೇಕೆಂದು ನಿಂತ ವೃದ್ಧರು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದೆಗೆಯುತ್ತಾರೆ. ರಸ್ತೆ ಸಾರ್ವಜನಿಕರ ಸೊತ್ತು, ಎಂದರೆ ಎಲ್ಲರದು. ಆದರೆ ಅದು ಎಲ್ಲರಿಗೂ ಸಮನಾಗಿ ದೊರೆಯುತ್ತಿದೆಯೇ ಎಂಬುದು ಯೋಚಿಸಬೇಕಾದ ಪ್ರಶ್ನೆ.

ವಾಹನಗಳ ದಟ್ಟಣೆ ಹೆಚ್ಚಿದಾಗ ಮೊದಲು ಹೊಳೆಯುವ ಉಪಾಯವೆಂದರೆ ರಸ್ತೆಯನ್ನು ಅಗಲ ಮಾಡುವುದು. ಅಗಲಗೊಂಡ ರಸ್ತೆಯಲ್ಲಿ ಕೆಲಕಾಲ ಸಂಚಾರ ಸಲೀಸಾಗುತ್ತದೆ. ಆ ಸಲೀಸನ್ನು ಕಂಡು ಇನ್ನಷ್ಟು ಮಂದಿ ತಮ್ಮ ವಾಹನಗಳನ್ನು ಹೊರತೆಗೆಯುತ್ತಾರೆ. ಕೆಲವು ವರ್ಷಗಳಲ್ಲಿ ರಸ್ತೆ ಮತ್ತೆ ಮೊದಲಿನಂತೆಯೇ ಕಿಕ್ಕಿರಿಯುತ್ತದೆ. ಕಡಿದ ಮರಗಳು ಮಾತ್ರ ಮರಳಿ ಬರುವುದಿಲ್ಲ. ಮನೆ, ಅಂಗಡಿ, ದೇವಾಲಯಗಳ ನಡುವೆ ಹಾದುಹೋಗುವ ರಸ್ತೆಯನ್ನು ಎಷ್ಟೆಂದು ಹಿಗ್ಗಿಸಲು ಸಾಧ್ಯ? ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ನಗರಗಳಿಗೂ ಸಲ್ಲುತ್ತದೆ. ಆದುದರಿಂದ, ಇರುವ ಅಗಲವನ್ನು ಹೇಗೆ ಹಂಚಬೇಕೆಂಬುದೇ ಮುಖ್ಯವಾದ ವಿಚಾರ.

ಹಂಚಬೇಕಾದರೆ ಅಳೆಯುವ ಕ್ರಮ ಸರಿಯಾಗಿರಬೇಕು. ಒಂದು ಗಂಟೆಯಲ್ಲಿ ಎಷ್ಟು ವಾಹನಗಳು ಹಾದುಹೋದುವು ಎಂದು ಎಣಿಸುವುದು ಒಂದು ಕ್ರಮ. ಎಷ್ಟು ಜನರು ಹಾದುಹೋದರು ಎಂದು ಎಣಿಸುವುದು ಮತ್ತೊಂದು. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ರಾಷ್ಟ್ರೀಯ ಸಂಘವು 2016ರಲ್ಲಿ ಪ್ರಕಟಿಸಿದ ಕೈಪಿಡಿಯೊಂದು ಈ ಎರಡನೆಯ ಕ್ರಮದ ಅಂದಾಜನ್ನು ಕೊಟ್ಟಿದೆ. ಹತ್ತು ಅಡಿ ಅಗಲದ ಒಂದು ಪಥವನ್ನು ಖಾಸಗಿ ವಾಹನಗಳಿಗೆ ಬಿಟ್ಟರೆ ಗಂಟೆಗೆ 600ರಿಂದ 1,600 ಜನರು ಸಾಗಬಹುದು. ಅದೇ ಪಥವನ್ನು ಬಸ್ಸುಗಳಿಗೇ ಮೀಸಲಿಟ್ಟರೆ 4,000ದಿಂದ 8,000 ಜನರು, ಸೈಕಲ್ಲುಗಳಿಗೆ ಬಿಟ್ಟರೆ 6,500ರಿಂದ 7,500 ಜನರು, ನಡೆಯುವವರಿಗೆ ಬಿಟ್ಟರೆ 8,000ದಿಂದ 9,000 ಜನರು ಸಾಗಬಹುದು. ಭಾರತ ಸರ್ಕಾರವು 2006ರಲ್ಲಿ ರೂಪಿಸಿದ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ, ರಸ್ತೆಯ ಜಾಗವನ್ನು ಹಂಚುವಾಗ ವಾಹನಗಳಿಗಿಂತ ಜನರನ್ನೇ ಮುಖ್ಯವಾಗಿ ಗಣಿಸಬೇಕೆಂದು ಹೇಳಿತು.

ಈ ತತ್ತ್ವದಂತೆ ರಸ್ತೆಯನ್ನು ರೂಪಿಸುವ ಬಗೆ ಹೀಗಿದೆ. ರಸ್ತೆಯ ನಡುಭಾಗವನ್ನೋ ಅಂಚನ್ನೋ ಬಸ್ಸುಗಳಿಗೆ ಮೀಸಲಿಡುತ್ತಾರೆ. ಅದರ ಪಕ್ಕದಲ್ಲಿ ಇತರ ಮೋಟಾರು ವಾಹನಗಳು ಸಾಗುತ್ತವೆ. ಅವುಗಳಿಂದ ಕಟ್ಟೆಯೊಂದರ ಮೂಲಕ ಬೇರ್ಪಟ್ಟ ಪಥ ಸೈಕಲ್ ಸವಾರರದು. ಎಲ್ಲಕ್ಕಿಂತ ಹೊರಗೆ, ಏರಿಳಿತವಿಲ್ಲದೆ ಉದ್ದಕ್ಕೂ ಸಾಗುವ ಪಾದಚಾರಿ ಮಾರ್ಗವಿರುತ್ತದೆ. ಬಸ್ಸಿಗೆ ಅಡೆತಡೆಯಿಲ್ಲದ ದಾರಿ ದೊರೆತರೆ ಅಷ್ಟೇ ಬಸ್ಸುಗಳು ದಿನಕ್ಕೆ ಹೆಚ್ಚು ಸಲ ಸಂಚರಿಸಬಲ್ಲವು. ಪ್ರಯಾಣಿಕರು ಕಾಯುವ ಹೊತ್ತು ಕಡಿಮೆಯಾಗುತ್ತದೆ. ನಿಲ್ದಾಣದ ಜಗಲಿಯನ್ನು ಬಸ್ಸಿನ ನೆಲದ ಎತ್ತರಕ್ಕೆ ಕಟ್ಟಿದರೆ ವೃದ್ಧರೂ ಅಂಗವಿಕಲರೂ ಮೆಟ್ಟಿಲು ಹತ್ತುವ ಕಷ್ಟವಿಲ್ಲದೆ ಒಳಗೆ ಹೋಗಬಹುದು.

ಇಂಥ ಏರ್ಪಾಟನ್ನು ಮೊದಲು ಯಶಸ್ವಿಯಾಗಿ ಮಾಡಿದ ನಗರಗಳಲ್ಲಿ ಬ್ರೆಜಿಲ್ ದೇಶದ ಕುರಿಟಿಬಾ ಒಂದು. ಅಲ್ಲಿನ ಮೇಯರ್ ಜೈಮೆ ಲರ್ನರ್ ವೃತ್ತಿಯಿಂದ ವಾಸ್ತುಶಿಲ್ಪಿ. 1972ರಲ್ಲಿ ಅವರು ನಗರದ ಮುಖ್ಯ ವ್ಯಾಪಾರದ ಬೀದಿಯೊಂದನ್ನು ಪಾದಚಾರಿಗಳಿಗೇ ಬಿಟ್ಟುಕೊಡಲು ನಿರ್ಧರಿಸಿದರು. ವ್ಯಾಪಾರ ಕೆಟ್ಟೀತೆಂದು ಅಂಗಡಿಯವರು ಹೆದರಿದ್ದರು. ಆದುದರಿಂದ ಕೆಲಸವನ್ನು ಶುಕ್ರವಾರ ಸಂಜೆ ಆರಂಭಿಸಿ ವಾರಾಂತ್ಯದಲ್ಲಿಯೇ ಮುಗಿಸಲಾಯಿತು. ಕೆಲವು ವಾಹನ ಮಾಲೀಕರು ಬೀದಿಯೊಳಗೆ ಕಾರು ನುಗ್ಗಿಸುವುದಾಗಿ ಬೆದರಿಸಿದಾಗ, ನಗರಾಡಳಿತದವರು ಬೀದಿಯುದ್ದಕ್ಕೂ ಕಾಗದ ಹಾಸಿ, ಮಕ್ಕಳನ್ನು ಚಿತ್ರ ಬರೆಯಲು ಕೂರಿಸಿದರು. ಕಾರುಗಳು ಹಿಂದಿರುಗಿದುವು. ಮೊದಲು ವಿರೋಧಿಸಿದ್ದ ವ್ಯಾಪಾರಿಗಳೇ ಮುಂದೆ ಈ ಏರ್ಪಾಟನ್ನು ವಿಸ್ತರಿಸಬೇಕೆಂದು ಕೇಳಿಕೊಂಡರು. 1974ರಲ್ಲಿ ಅದೇ ನಗರದಲ್ಲಿ ಬಸ್ಸುಗಳಿಗೆ ಮೀಸಲಾದ ಪಥಗಳು ತೆರೆದುವು. 1991ರಲ್ಲಿ ಬಂದ ಕೊಳವೆಯಾಕಾರದ ನಿಲ್ದಾಣಗಳಲ್ಲಿ ಬಸ್ಸು ಬರುವ ಮೊದಲೇ ಹಣ ಕೊಟ್ಟು, ಸಮನಾದ ನೆಲದಿಂದ ನೇರವಾಗಿ ಬಸ್ಸಿನೊಳಕ್ಕೆ ಕಾಲಿಡಬಹುದಾಗಿತ್ತು.

ಕುರಿಟಿಬಾದ ಮಾದರಿ ಅನೇಕ ದೇಶಗಳಿಗೆ ಹರಡಿತು. ಭಾರತದಲ್ಲಿ ಅದರ ಮೊದಲ ಪ್ರಯೋಗಗಳಲ್ಲೊಂದು ದೆಹಲಿಯಲ್ಲಿ ನಡೆಯಿತು. ನಗರದ ದಕ್ಷಿಣಕ್ಕಿರುವ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗಿನ 5.8 ಕಿಲೋಮೀಟರ್ ಉದ್ದದ ರಸ್ತೆಯನ್ನು ಹೊಸದಾಗಿ ರೂಪಿಸಿ 2008ರಲ್ಲಿ ತೆರೆಯಲಾಯಿತು. ದೆಹಲಿಯ ಐಐಟಿಯ ತಜ್ಞರು ಇದರ ಯೋಜನೆಗೆ ನೆರವಾದರು. ರಸ್ತೆಯ ನಡುವೆ ಬಸ್ಸಿನ ಪಥ, ಅದರ ಪಕ್ಕದಲ್ಲಿ ಇತರ ವಾಹನಗಳ ಪಥಗಳು, ಹೊರಗಡೆ ಸೈಕಲ್ ಪಥ ಮತ್ತು ಪಾದಚಾರಿ ಮಾರ್ಗ ಇದ್ದುವು. ದಿನವೂ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವ ಬಡವರಿಗೆ ಬೇರೆಯಾದ ದಾರಿಯೊಂದು ದೊರೆತುದು ದೊಡ್ಡ ಸಂಗತಿಯಾಗಿತ್ತು.

ಆದರೆ ತೆರೆದ ದಿನದಿಂದಲೇ ಟೀಕೆಗಳು ಕೇಳಿಬಂದುವು. ಚಿರಾಗ್ ದಿಲ್ಲಿಯ ಕೂಡುರಸ್ತೆಯಲ್ಲಿ ಸಂಚಾರದೀಪ ಬದಲಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಕಾರುಗಳ ಸಾಲು ಉದ್ದವಾಗಿ ಬೆಳೆಯುತ್ತಿತ್ತು. ಪಕ್ಕದಲ್ಲಿದ್ದ ಬಸ್ಸಿನ ಪಥ ಆಗಾಗ ಬರಿದಾಗಿ ಕಾಣುತ್ತಿದ್ದುದರಿಂದ ಕಾರಿನಲ್ಲಿ ಕುಳಿತವರಿಗೆ ಜಾಗ ವ್ಯರ್ಥವಾಗುತ್ತಿದೆಯೆಂದು ತೋರುತ್ತಿತ್ತು. ಒಂದು ಬಸ್ಸು ಹೋದ ಮೇಲೆ ಪಥ ಬರಿದಾಗುವುದು ಅದು ಬೇಗ ಸಾಗಿದುದರ ಗುರುತು ಎಂಬುದನ್ನು ಜನರಿಗೆ ತಿಳಿಯಹೇಳಿದವರು ಕಡಿಮೆ. ಕೆಲವರು ತಮ್ಮ ವಾಹನಗಳನ್ನು ಬಸ್ಸಿನ ಪಥಕ್ಕೆ ನುಗ್ಗಿಸಿದರು. ಸೈಕಲ್ ಪಥಕ್ಕೆ ಮೋಟಾರು ಸೈಕಲ್ಲುಗಳು ಹೊಕ್ಕುವು. ಯೋಜನೆಯಲ್ಲಿ ಕುಂದುಗಳೂ ಇದ್ದುವು. ನಿಲ್ದಾಣ ರಸ್ತೆಯ ನಡುವೆ ಇದ್ದುದರಿಂದ ಪ್ರಯಾಣಿಕರು ವಾಹನಗಳ ಸಾಲುಗಳನ್ನು ದಾಟಿಯೇ ಅಲ್ಲಿಗೆ ಹೋಗಬೇಕಾಗಿತ್ತು. ಮುಂದೆ ದೆಹಲಿ ಗೇಟ್‌ವರೆಗೆ ಬೆಳೆಯಬೇಕಾಗಿದ್ದ ಮಾರ್ಗ ಮೂಲ್‌ಚಂದ್‌ನಲ್ಲಿಯೇ ನಿಂತುದರಿಂದ ಅದರ ಪೂರ್ಣ ಪ್ರಯೋಜನ ಯಾರಿಗೂ ದೊರೆಯಲಿಲ್ಲ.

2012ರಲ್ಲಿ ವಿವಾದವು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಬಸ್ಸಿನ ಪಥವನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆಂಬುದು ಅರ್ಜಿದಾರರ ಬೇಡಿಕೆ. ನ್ಯಾಯಾಲಯವು ಅದೇ ವರ್ಷದ ಅಕ್ಟೋಬರಿನಲ್ಲಿ ಆ ಅರ್ಜಿಯನ್ನು ತಳ್ಳಿಹಾಕಿತು. ಬಸ್ಸಿನ ಪಥ ನ್ಯಾಯಾಲಯದಲ್ಲಿ ಉಳಿಯಿತು; ಜನಾಭಿಪ್ರಾಯದ ಮುಂದೆ ಉಳಿಯಲಿಲ್ಲ. 2015ರಲ್ಲಿ ಸರ್ಕಾರವು ಅದನ್ನು ತೆಗೆದುಹಾಕಲು ತೀರ್ಮಾನಿಸಿತು. ಮರುವರ್ಷ ನಿಲ್ದಾಣಗಳನ್ನು ಕಿತ್ತುಹಾಕುವ ಕೆಲಸ ನಡೆಯಿತು. ಕಾರಿನವರ ತೊಂದರೆ ಎಲ್ಲರಿಗೂ ಕೇಳಿಸಿತು. ಬಸ್ಸಿನಲ್ಲಿ ಸಮಯ ಉಳಿಸಿಕೊಂಡವರ, ಸೈಕಲ್ಲಿನಲ್ಲಿ ಕ್ಷೇಮವಾಗಿ ಮನೆ ಸೇರಿದವರ ನೆಮ್ಮದಿ ಯಾರಿಗೂ ಕೇಳಿಸಲಿಲ್ಲ. ನೆಮ್ಮದಿಗೆ ದನಿ ಕಡಿಮೆ.

ದೆಹಲಿಯ ಅನುಭವ ಇತರ ನಗರಗಳಿಗೆ ಪಾಠವಾಯಿತು. ಅಹಮದಾಬಾದಿನಲ್ಲಿ 2009ರಲ್ಲಿ ‘ಜನಮಾರ್ಗ’ ಎಂಬ ಬಸ್ಸಿನ ಏರ್ಪಾಟು ಆರಂಭವಾಗುವ ಮೊದಲು ಕೆಲವು ತಿಂಗಳ ಕಾಲ ಜನರನ್ನು ಉಚಿತವಾಗಿ ಕೂರಿಸಿಕೊಂಡು ಹೋಗಿ, ಅವರ ಅಭಿಪ್ರಾಯಗಳನ್ನು ಕೇಳಲಾಯಿತು. ಕರ್ನಾಟಕದಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ನಗರಗಳ ನಡುವೆ, ಸುಮಾರು ಇಪ್ಪತ್ತೆರಡು ಕಿಲೋಮೀಟರ್ ಉದ್ದದ ಮಾರ್ಗದಲ್ಲಿ, 2018ರಲ್ಲಿ ಇಂಥ ಬಸ್ಸುಗಳ ಸಂಚಾರ ಆರಂಭವಾಯಿತು; 2020ರಲ್ಲಿ ವಿಧ್ಯುಕ್ತವಾದ ಉದ್ಘಾಟನೆ ನಡೆಯಿತು. ಆ ಬಸ್ಸುಗಳಿಗೆ ‘ಚಿಗರಿ’ ಎಂದು ಹೆಸರಿಟ್ಟರು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಚಿಗರಿಯೆಂದರೆ ಜಿಂಕೆ. ದಿನವೂ ಎರಡು ಊರುಗಳ ನಡುವೆ ಓಡಾಡುವ ವಿದ್ಯಾರ್ಥಿಗಳಿಗೂ ನೌಕರರಿಗೂ ಅವು ಬಹಳ ಅನುಕೂಲ ಮಾಡಿಕೊಟ್ಟುವು. ಉಳಿದ ವಾಹನಗಳ ಪಥ ಇಕ್ಕಟ್ಟಾಯಿತೆಂಬ ದೂರು ಅಲ್ಲಿಯೂ ಕೇಳಿಬಂದಿತು. ಹಂಚಿಕೆಯೆಂದ ಮೇಲೆ ಹೆಚ್ಚು ಪಡೆಯುತ್ತಿದ್ದವರಿಗೆ ಕೊಂಚ ಕಡಿಮೆಯಾಗುವುದು ಅನಿವಾರ್ಯ. ಆದರೆ ಆ ದೂರುಗಳನ್ನು ಕಡೆಗಣಿಸದೆ, ಅವುಗಳಲ್ಲಿ ನ್ಯಾಯವಾದವು ಯಾವುವು ಎಂದು ವಿವೇಚಿಸಿ ತಿದ್ದಿಕೊಳ್ಳುವುದು ಆಳುವವರ ಹೊಣೆ.

ಈ ಎಲ್ಲ ಉದಾಹರಣೆಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕಲ್ಲು, ಸಿಮೆಂಟುಗಳಿಂದ ಪಥಗಳನ್ನು ಬೇರ್ಪಡಿಸುವುದು ಎಂಜಿನಿಯರರ ಕೆಲಸ. ಆ ಗೆರೆಗಳನ್ನು ಉಳಿಸಿಕೊಳ್ಳುವುದು ಪ್ರಜೆಗಳ ಕೆಲಸ. ಬರಿದಾಗಿ ಕಂಡ ಬಸ್ಸಿನ ಪಥಕ್ಕೆ ವಾಹನವನ್ನು ತಿರುಗಿಸದಿರುವುದು, ಪಾದಚಾರಿ ಮಾರ್ಗದ ಮೇಲೆ ಮೋಟಾರು ಸೈಕಲನ್ನು ನಿಲ್ಲಿಸದಿರುವುದು, ದಾಟಲು ನಿಂತವರನ್ನು ಕಂಡು ವೇಗವನ್ನು ತಗ್ಗಿಸುವುದು ಸಣ್ಣ ಸಂಗತಿಗಳಂತೆ ತೋರಬಹುದು. ಇವುಗಳಿಲ್ಲದಿದ್ದರೆ ಎಷ್ಟೇ ಹಣ ವೆಚ್ಚಮಾಡಿ ರೂಪಿಸಿದ ರಸ್ತೆಯೂ ನಿಷ್ಪ್ರಯೋಜಕವಾಗುತ್ತದೆ. ಮನೆಯಿಂದ ಹೊರಬಿದ್ದ ಪ್ರತಿಯೊಬ್ಬನೂ, ಕಾರಿನಲ್ಲಿ ಹೋಗುವವನು ಕೂಡ, ಒಂದಲ್ಲ ಒಂದು ಕಡೆ ಇಳಿದು ನಡೆಯಲೇಬೇಕು. ನಡೆಯುವವನಿಗೆ ಕ್ಷೇಮವಾದ ದಾರಿ ಎಲ್ಲರಿಗೂ ಕ್ಷೇಮವಾದ ದಾರಿ. ಸಾಲುಮರಗಳನ್ನು ನೆಡಿಸಿದ ಹಿರಿಯರು ಇದನ್ನು ಬಲ್ಲವರಾಗಿದ್ದರು.