ಈರುಳ್ಳಿಯ ಘಾಟು

ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಎರೆಭೂಮಿಯಲ್ಲಿ ಒಂದೇ ಹೊಲದಲ್ಲಿ ಈರುಳ್ಳಿ, ಮೆಣಸಿನಕಾಯಿ, ಹತ್ತಿ ಈ ಮೂರನ್ನೂ ಕೂಡಿಸಿ ಬೆಳೆಯುವ ಪದ್ಧತಿ ಹಳೆಯದು. ಮುಂಗಾರಿನ ಮಳೆಗೆ ಬಿತ್ತಿದ ಈರುಳ್ಳಿ ಮೊದಲು ಕಿತ್ತು ಮನೆಗೆ ಬರುತ್ತದೆ. ಆಮೇಲೆ ಮೆಣಸಿನಕಾಯಿ ಕೆಂಪಾಗುತ್ತದೆ. ಹತ್ತಿ ಎಲ್ಲಕ್ಕೂ ಕೊನೆಗೆ ಬಾಯ್ಬಿಡುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯಂಥ ಊರುಗಳಲ್ಲಿ ಈರುಳ್ಳಿಗೆ ಉಳ್ಳಾಗಡ್ಡಿ ಎಂದೇ ಹೆಸರು. ಇಲ್ಲಿಗೆ ನೆರೆಯ ಬ್ಯಾಡಗಿಯು ಮೆಣಸಿನಕಾಯಿಯಿಂದ ನಾಡಿನಾಚೆಗೂ ಪ್ರಸಿದ್ಧವಾದ ಪೇಟೆ. ಹೀಗೆ ಈ ಸೀಮೆಯ ಅಡುಗೆಮನೆಗಳಿಗೆ ಕಣ್ಣನ್ನು ಕಾಡುವ ಎರಡು ಪದಾರ್ಥಗಳೂ ಹತ್ತಿರದ ಹೊಲಗಳಿಂದಲೇ ಬರುತ್ತವೆ.

ಆದರೆ ಅವೆರಡೂ ಕಾಡುವ ರೀತಿ ಒಂದೇ ಅಲ್ಲ. ಮೆಣಸಿನಕಾಯಿಯ ಖಾರ ಸುಲಭವಾಗಿ ಆವಿಯಾಗತಕ್ಕದ್ದಲ್ಲ. ಕುಟ್ಟುವಾಗ ಪುಡಿ ಹಾರಿದರೆ, ಒಗ್ಗರಣೆಯಲ್ಲಿ ಸೀದು ಹೊಗೆಯೆದ್ದರೆ, ಇಲ್ಲವೆ ಖಾರ ಮುಟ್ಟಿದ ಕೈಯಿಂದ ಕಣ್ಣುಜ್ಜಿಕೊಂಡರೆ ಮಾತ್ರ ಅದು ಉರಿಸುತ್ತದೆ. ಈರುಳ್ಳಿ ಹಾಗಲ್ಲ. ಅದನ್ನು ಹೆಚ್ಚುವವರ ಕೈ ಕಣ್ಣಿನ ಬಳಿ ಸುಳಿಯದಿದ್ದರೂ ಮೊಳದಷ್ಟು ದೂರದಿಂದಲೇ ಅದು ನೀರು ತರಿಸುತ್ತದೆ. ಅದಕ್ಕಿಂತ ಸೋಜಿಗದ ಸಂಗತಿ ಇನ್ನೊಂದುಂಟು. ಕಣ್ಣೀರು ತರಿಸುವ ಆ ವಸ್ತು ಇಡಿಯಾದ ಗಡ್ಡೆಯಲ್ಲಿ ಇರುವುದೇ ಇಲ್ಲ! ರಾಶಿಗಟ್ಟಲೆ ಈರುಳ್ಳಿಯ ನಡುವೆ ದಿನವಿಡೀ ಕುಳಿತು ವ್ಯಾಪಾರ ಮಾಡುವವನ ಕಣ್ಣು ಒಣಗಿಯೇ ಇರುತ್ತದೆ. ಒಂದೇ ಒಂದು ಗಡ್ಡೆಯನ್ನು ಕೊಯ್ದವಳ ಕಣ್ಣು ತುಂಬುತ್ತದೆ.

ಈರುಳ್ಳಿಯ ಗಿಡ ತನ್ನ ಬೇರುಗಳಿಂದ ಮಣ್ಣಿನಲ್ಲಿರುವ ಗಂಧಕದ ಲವಣಗಳನ್ನು ಹೀರಿ, ಅವುಗಳಿಂದ ಗಂಧಕಯುಕ್ತವಾದ ಕೆಲವು ಅಮೈನೋ ಆಮ್ಲಗಳನ್ನು ರಚಿಸಿ ಜೀವಕೋಶಗಳಲ್ಲಿ ಕೂಡಿಡುತ್ತದೆ. ಅದೇ ಕೋಶದಲ್ಲಿ, ಆದರೆ ಬೇರೊಂದು ಚೀಲದಲ್ಲಿ, ಅಲಿನೇಸ್ ಎಂಬ ಕಿಣ್ವವಿರುತ್ತದೆ. ನಡುವೆ ತೆಳುವಾದ ಪೊರೆ ಇರುವವರೆಗೆ ಎರಡಕ್ಕೂ ಭೇಟಿಯಿಲ್ಲ. ಅಲಗು ತಾಗಿ ಕೋಶ ಒಡೆದ ಕ್ಷಣವೇ ಅವು ಬೆರೆಯುತ್ತವೆ. ಕಿಣ್ವವು ಆ ಆಮ್ಲವನ್ನು ಒಡೆದು ಅಸ್ಥಿರವಾದ ಇನ್ನೊಂದು ಪದಾರ್ಥವನ್ನಾಗಿ ಮಾಡುತ್ತದೆ. ಅದರಿಂದ ಹುಟ್ಟುವುದೇ ಪ್ರೊಪೇನ್‌ಥಿಯಾಲ್ ಎಸ್-ಆಕ್ಸೈಡ್ ಎಂಬ, ಗಾಳಿಗೆ ಬೇಗನೆ ಹಾರುವ ವಸ್ತು. ತನ್ನನ್ನು ಕಚ್ಚಿ ತಿನ್ನಬಂದ ಕೀಟಪ್ರಾಣಿಗಳನ್ನು ಓಡಿಸುವುದಕ್ಕೆ ಗಡ್ಡೆ ಹೂಡಿರುವ ಉಪಾಯವಿದು. ಈಳಿಗೆಯನ್ನೂ ಅದು ಹಲ್ಲೆಂದೇ ತಿಳಿಯುತ್ತದೆ.

ಈ ಕೆಲಸವೆಲ್ಲ ಅಲಿನೇಸ್ ಒಂದರಿಂದಲೇ ನಡೆಯುವುದೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಕೊನೆಯ ಹೆಜ್ಜೆಗೆ ಪ್ರತ್ಯೇಕವಾದ ಮತ್ತೊಂದು ಕಿಣ್ವವೇ ಇದೆಯೆಂಬುದನ್ನು ಜಪಾನಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ಬೆಳ್ಳುಳ್ಳಿಯೂ ಇದೇ ಕುಲದ್ದು, ಅದರಲ್ಲಿಯೂ ಅಲಿನೇಸ್ ಇದೆ. ಆದರೂ ಅದು ಈರುಳ್ಳಿಯಂತೆ ಅಳಿಸುವುದಿಲ್ಲ. ಅದರ ಗಂಧಕದ ಸಂಗ್ರಹದ ಬಗೆ ಬೇರೆ, ಈ ಎರಡನೆಯ ಕಿಣ್ವದ ಕೆಲಸವೂ ಅಲ್ಲಿಲ್ಲ. ಈರುಳ್ಳಿ ಈರುಳ್ಳಿಗೂ ಘಾಟಿನಲ್ಲಿ ವ್ಯತ್ಯಾಸವುಂಟು. ಗಂಧಕ ಹೆಚ್ಚಾಗಿರುವ ಮಣ್ಣಿನಲ್ಲಿ, ನೀರಿನ ಕೊರತೆಯಲ್ಲಿ, ಬಿಸಿಲ ತಾಪದಲ್ಲಿ ಬೆಳೆದದ್ದು ಹೆಚ್ಚು ಖಾರವಾಗಿರುತ್ತದೆ.

ಹಾರಿಬಂದ ಆವಿ ಕಣ್ಣನ್ನು ಮುಟ್ಟಿದಾಗ ಕಾರ್ನಿಯದಲ್ಲಿರುವ ಸೂಕ್ಷ್ಮ ನರತುದಿಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳಿನ ಆಜ್ಞೆಯಂತೆ ಅಶ್ರುಗ್ರಂಥಿಗಳು ನೀರನ್ನು ಸುರಿಸಿ ಕಣ್ಣನ್ನು ತೊಳೆಯುತ್ತವೆ. ಇದು ದುಃಖದ ಕಣ್ಣೀರಲ್ಲ, ರಕ್ಷಣೆಯ ಕಣ್ಣೀರು. ಇದರಿಂದ ಆರೋಗ್ಯವಂತ ಕಣ್ಣಿಗೆ ಸ್ಥಿರವಾದ ಕೇಡೇನೂ ಆಗುವುದಿಲ್ಲ.

ಹಾಗಿದ್ದರೆ ಇಷ್ಟು ಚಿಕ್ಕ ಕಾಟಕ್ಕೆ ಪರಿಹಾರವನ್ನು ಹುಡುಕುವುದೇಕೆ? ಮನೆಮಂದಿಗೆ ಒಂದೆರಡು ಗಡ್ಡೆ ಹೆಚ್ಚುವವರಿಗೆ ಈ ಪ್ರಶ್ನೆ ಸಹಜ. ಮದುವೆಯ ಮನೆಯಲ್ಲಿ, ಜಾತ್ರೆಯ ದಾಸೋಹದಲ್ಲಿ, ಶಾಲೆಯ ಬಿಸಿಯೂಟದ ಕೋಣೆಯಲ್ಲಿ, ಮಿರ್ಚಿ ಗಿರ್ಮಿಟ್ ಮಾರುವ ಅಂಗಡಿಯಲ್ಲಿ ಬುಟ್ಟಿಗಟ್ಟಲೆ ಹೆಚ್ಚುವವರ ಪಾಡು ಬೇರೆ. ಈಳಿಗೆಮಣೆಯ ಅಲಗು ಮೇಲ್ಮುಖವಾಗಿ ನಿಂತಿರುತ್ತದೆ. ಕುಳಿತವರ ಮುಖ ಅದರ ಮೇಲೆಯೇ ಬಾಗಿರುತ್ತದೆ. ಏಳುವ ಆವಿಯೆಲ್ಲ ನೇರವಾಗಿ ಮುಖಕ್ಕೆ. ಕಣ್ಣು ಮಂಜಾದಾಗ ಬೆರಳು ಅಲಗಿಗೆ ಎಷ್ಟು ಹತ್ತಿರವಿದೆಯೆಂಬುದು ಕಾಣದು. ಕಣ್ಣೀರು ಅಪಾಯವಲ್ಲ, ಕಣ್ಣೀರಿನಲ್ಲಿ ಅಲಗು ಹಿಡಿಯುವುದು ಅಪಾಯ. ರಸ ಮೆತ್ತಿದ ಕೈಯಿಂದಲೇ ಕಣ್ಣುಜ್ಜಿಕೊಂಡರಂತೂ ಉರಿ ಇಮ್ಮಡಿಯಾಗುವುದು.

ಉಪಾಯಗಳಲ್ಲಿ ಮೊದಲನೆಯದು ಅಲಗಿನ ಹರಿತ. ಮೊಂಡಾದ ಈಳಿಗೆ ಕೋಶಗಳನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಈರುಳ್ಳಿಯನ್ನು ಕೊಯ್ಯುವ ಕ್ಷಣವನ್ನು ಅತಿವೇಗದ ಕ್ಯಾಮರಾದಿಂದ ಸೆರೆಹಿಡಿದು 2025ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಮೊಂಡ ಅಲಗಿನ ಕೆಳಗೆ ಈರುಳ್ಳಿಯ ಪದರ ಮೊದಲು ಬಾಗಿ, ಒಳಗಿನ ಒತ್ತಡ ಏರಿ, ಆಮೇಲೆ ಸೀಳಿ ರಸದ ಹನಿಗಳನ್ನು ಸಿಡಿಸುತ್ತದೆ. ಹರಿತವಾದ ಅಲಗಿನಿಂದ ನಿಧಾನವಾಗಿ ಕೊಯ್ದಾಗ ಸಿಡಿಯುವ ಹನಿಗಳು ಕಡಿಮೆ. ಸಾಣೆಹಿಡಿಸಿದ ಈಳಿಗೆಯಿಂದ ಕಣ್ಣುರಿ ಕಡಿಮೆಯೆಂದು ಹೇಳಿಕೊಂಡು ಬಂದಿರುವ ಹಿರಿಯ ಹೆಂಗಸರು ಈ ಸುದ್ದಿ ಕೇಳಿದರೆ ನಗಬಹುದು.

ಎರಡನೆಯದು ಗಾಳಿ. ಕಿಟಕಿ ಬಾಗಿಲು ಮುಚ್ಚಿದ ಮೂಲೆಯನ್ನು ಬಿಟ್ಟು ಪಡಸಾಲೆಯಲ್ಲೋ ಹಿತ್ತಲ ಬಾಗಿಲಿನಲ್ಲೋ, ಗಾಳಿ ಪಕ್ಕದಿಂದ ಬೀಸಿ ಆವಿಯನ್ನು ಆಚೆಗೆ ಒಯ್ಯುವಂತೆ ಕುಳಿತುಕೊಳ್ಳಬೇಕು. ಹೊಲದಲ್ಲಿ ಬುತ್ತಿ ಬಿಚ್ಚಿದ ರೈತ ಜೋಳದ ರೊಟ್ಟಿಯ ಜೊತೆಗೆ ಉಳ್ಳಾಗಡ್ಡಿಯನ್ನು ಗುದ್ದಿಯೇ ಒಡೆಯುತ್ತಾನೆ. ಕೋಶಗಳನ್ನು ಜಜ್ಜುವುದರಲ್ಲಿ ಗುದ್ದಿಗೆ ಸಮನಾದದ್ದಿಲ್ಲ. ಆದರೂ ಅವನು ಅಳುವುದು ಅಪರೂಪ. ಬಯಲ ಗಾಳಿ ಆವಿಯನ್ನು ಚದುರಿಸಿಬಿಡುತ್ತದೆ, ಒಡೆಯುವುದು ಒಂದೇ ಗಡ್ಡೆಯನ್ನು.

ಸಿಪ್ಪೆ ಸುಲಿದು ಎರಡು ಹೋಳು ಮಾಡಿ ಸ್ವಲ್ಪ ಹೊತ್ತು ನೀರಿನಲ್ಲಿಟ್ಟು ಹೆಚ್ಚಿದರೂ ಘಾಟು ತಗ್ಗುತ್ತದೆ. ರುಚಿಯೂ ಒಂದಿಷ್ಟು ನೀರುಪಾಲಾಗುತ್ತದೆ. ಶೀತಪೆಟ್ಟಿಗೆಯಲ್ಲಿಟ್ಟರೆ ಕಿಣ್ವದ ಕೆಲಸ ನಿಧಾನವಾಗುವುದೆಂಬ ತರ್ಕ ಸರಿಯಾದದ್ದೇ. ಆದರೆ ಮೇಲೆ ಹೇಳಿದ ಪ್ರಯೋಗದಲ್ಲಿ ತಣ್ಣಗಿನ ಈರುಳ್ಳಿಯಿಂದ ಸಿಡಿದ ಹನಿಗಳು ಕಡಿಮೆಯಾಗಲಿಲ್ಲ. ಕಣ್ಣಿಗೆ ಬಿಗಿಯಾಗಿ ಕೂರುವ ಕನ್ನಡಕ ತಪ್ಪದ ಉಪಾಯ. ಬಾಯಲ್ಲಿ ಬೆಂಕಿಕಡ್ಡಿ ಕಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ಹೆಚ್ಚಿದ್ದು ಬಾಣಲೆಯ ಎಣ್ಣೆಗೆ ಬಿದ್ದೊಡನೆ ಕಾಟವೂ ಮುಗಿಯಿತು. ಬಿಸಿಗೆ ಕಿಣ್ವಗಳು ಕೆಟ್ಟುಹೋಗುವುದರಿಂದ ಬೆಂದ ಈರುಳ್ಳಿ ಸಿಹಿಯಾಗುತ್ತದೆ.

ಗಡ್ಡೆಯಿಂದಲೇ ಘಾಟನ್ನು ತೆಗೆಯುವ ಯತ್ನಗಳೂ ನಡೆದಿವೆ. ನ್ಯೂಜಿಲೆಂಡಿನ ವಿಜ್ಞಾನಿಗಳು 2008ರಲ್ಲಿ ಆ ಎರಡನೆಯ ಕಿಣ್ವದ ವಂಶವಾಹಿಯನ್ನು ಅಡಗಿಸಿದ ಈರುಳ್ಳಿಯನ್ನು ತೋರಿಸಿದರು. ಜಪಾನಿನಲ್ಲಿ 2015ರ ವೇಳೆಗೆ ಅಳಿಸದ ಇನ್ನೊಂದು ಬಗೆಯನ್ನು ಬೆಳೆಸಿದರು. ಅದನ್ನು ಹೆಚ್ಚಿದರೆ ಕಣ್ಣು ತೇವವಾಗದು, ನಾಲಗೆಗೂ ಚುರುಕು ಮುಟ್ಟದು. ಜೋಳದ ರೊಟ್ಟಿಗೆ ನಂಜಿಕೊಳ್ಳುವವರು ಅಂಥ ಗಡ್ಡೆಯನ್ನು ಸಪ್ಪೆಯೆಂದು ಪಕ್ಕಕ್ಕೆ ಸರಿಸಿಯಾರು.