ತುಖಿಕನು: ಬಳಿಗೆ ಬಂದು ಧೈರ್ಯಪಡಿಸಿದವನು

(ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ ಮೇಲೆ ಒಂದು ಅಭ್ಯಾಸಪಾಠ)

ಪೌಲನ ಪತ್ರಿಕೆಗಳನ್ನು ಓದುವವರಲ್ಲಿ ಅನೇಕರು ಕಡೆಯ ಅಧ್ಯಾಯಕ್ಕೆ ಬಂದೊಡನೆ ಪುಸ್ತಕವನ್ನು ಮುಚ್ಚಿಬಿಡುವರು. ಯಾಕಂದರೆ ಅಲ್ಲಿ ಉಪದೇಶವು ಮುಗಿದು ಬರೀ ಹೆಸರುಗಳೂ ವಂದನೆಗಳೂ ಉಳಿದಿರುತ್ತವೆ. ನಮ್ಮ ಸತ್ಯವೇದದ ತರಗತಿಗಳಲ್ಲಿಯೂ ಹುಡುಗಿಯರು ಈ ಹೆಸರುಗಳನ್ನು ಪರೀಕ್ಷೆಗಾಗಿ ಬಾಯಿಪಾಠಮಾಡಿ ಮರುದಿನವೇ ಮರೆತುಬಿಡುವದನ್ನು ನಾವು ಬಲ್ಲೆವು. (ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಇಲ್ಲಿ ನಗುವರೆಂದು ನಂಬುತ್ತೇವೆ.) ಆದರೂ ಆ ಪಟ್ಟಿಯಲ್ಲಿ ಮೊದಲು ಬರುವ ತುಖಿಕನೆಂಬವನ ಬಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುವದಕ್ಕೆ ತಮ್ಮನ್ನು ಕರೆಯುತ್ತೇವೆ.

ಕೊಲೊಸ್ಸೆಯು ಈಗಿನ ತುರ್ಕಿ ದೇಶದಲ್ಲಿ, ಲೈಕಸ್ ಎಂಬ ನದಿಯ ಕಣಿವೆಯಲ್ಲಿದ್ದ ಒಂದು ಪಟ್ಟಣ. ಅದರಿಂದ ಸುಮಾರು 10 ಮೈಲು ದೂರದಲ್ಲಿ ಲವೊದಿಕೀಯವೂ, ಅದರ ಎದುರಿಗೆ ಹಿಯೆರಾಪೊಲಿಯೂ ಇದ್ದವು. ಅಲ್ಲಿಯ ಸಭೆಯವರು ಪೌಲನ ಮುಖವನ್ನು ಕಂಡವರಲ್ಲ. ಅವರಿಗೆ ಸುವಾರ್ತೆಯನ್ನು ತಿಳಿಸಿದವನು ಎಪಫ್ರನು. ಪೌಲನು ಈ ಪತ್ರಿಕೆಯನ್ನು ಬರೆಯುವಾಗ ಸೆರೆಯಲ್ಲಿದ್ದನು. ಆ ಸೆರೆಯು ರೋಮಾಪುರದ್ದೆಂದೂ, ಕಾಲವು ಕ್ರಿ.ಶ. 60ರಿಂದ 62ರೊಳಗೆಂದೂ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಎಫೆಸ ಅಥವಾ ಕೈಸರೈಯದಲ್ಲಿ ಎನ್ನುವ ವಿದ್ವಾಂಸರೂ ಇದ್ದಾರೆ. ರೋಮಾಪುರದಿಂದಲೇ ಆಗಿದ್ದರೆ, ಸಮುದ್ರವನ್ನೂ ನೆಲವನ್ನೂ ಸೇರಿಸಿ ಸಾವಿರ ಮೈಲಿಗೂ ಹೆಚ್ಚಿನ ಪ್ರಯಾಣ.

ಆ ಕಾಲದಲ್ಲಿ ಟಪಾಲು ಇರಲಿಲ್ಲವೋ ಎಂದು ಮಕ್ಕಳು ಕೇಳುವರು. ಔಗುಸ್ತ ಚಕ್ರವರ್ತಿಯು ಏರ್ಪಡಿಸಿದ ಒಂದು ಅಂಚೆಯಿತ್ತು. ಆದರೆ ಅದು ಸರಕಾರದ ಕಾರ್ಯಕ್ಕೆ ಮಾತ್ರ ಮೀಸಲಾಗಿತ್ತು. ಸಾಮಾನ್ಯ ಜನರ ಪತ್ರವು ಯಾರಾದರೂ ನಂಬಿಕೆಯುಳ್ಳ ಪ್ರಯಾಣಿಕನ ಕೈಯಲ್ಲಿಯೇ ಹೋಗಬೇಕಾಗಿತ್ತು. ಹೀಗೆ ತುಖಿಕನು ಪತ್ರವನ್ನು ಹೊತ್ತು ಹೊರಟನು. ಹಾಗಾದರೆ ಅವನು ಬರೀ ಅಂಚೆಯಾಳೋ? ಪೌಲನು ಹಾಗೆ ಹೇಳುವದಿಲ್ಲ. ಇವನನ್ನು ಕಳುಹಿಸಿದ್ದಕ್ಕೆ ಅವನು ಕೊಡುವ ಕಾರಣಗಳು ಎರಡು: ತನ್ನ ಸಂಗತಿಗಳನ್ನು ಸಭೆಯವರು ತಿಳಿಯಬೇಕು, ಅವರ ಹೃದಯಗಳಿಗೆ ಧೈರ್ಯವುಂಟಾಗಬೇಕು. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿಯೂ ತುಖಿಕನನ್ನು ಕುರಿತು ಇದೇ ಮಾತು ಬಂದಿದೆ.

ಇಲ್ಲಿ ನಾವು ಗಮನಿಸತಕ್ಕ ಒಂದು ವಿಷಯವುಂಟು. ಪೌಲನು ತನ್ನ ಸೆರೆವಾಸದ ವಿವರಗಳನ್ನು ಪತ್ರದಲ್ಲಿ ಬರೆಯಲಿಲ್ಲ. ಊಟವೇನು, ಆರೋಗ್ಯ ಹೇಗಿದೆ, ತೀರ್ಪು ಯಾವಾಗ ಎಂಬ ಒಂದೂ ಅದರಲ್ಲಿಲ್ಲ. ಅವೆಲ್ಲವನ್ನೂ ತುಖಿಕನ ಬಾಯಿಗೆ ಬಿಟ್ಟನು. ಬರೆದ ಕಾಗದವು ಕೇಳಿದ ಪ್ರಶ್ನೆಗೆ ಉತ್ತರ ಕೊಡಲಾರದು. ಕೇಳುವವರ ಮುಖವನ್ನು ನೋಡಿ ತನ್ನ ಮಾತನ್ನು ಮೆಲ್ಲಗೆ ಮಾಡಿಕೊಳ್ಳಲಾರದು. ಪತ್ರವನ್ನು ಓದಿ ಮುಗಿಸಿದ ಮೇಲೆ ಸಭೆಯ ಮುದುಕಿಯರು ತುಖಿಕನನ್ನು ಸುತ್ತಿಕೊಂಡು ಏನೇನು ಕೇಳಿರಬಹುದೆಂಬದನ್ನು ಊಹಿಸುವದು ಕಷ್ಟವಲ್ಲ.

ಈಗಲಾದರೋ ಸುದ್ದಿಯು ನಿಮಿಷದೊಳಗೆ ಸಮುದ್ರ ದಾಟುತ್ತದೆ. ಅದರಿಂದ ದೊಡ್ಡ ಉಪಕಾರವಾಗಿದೆಯೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ದೂರದೇಶದಲ್ಲಿರುವ ಮಗಳ ಮುಖವನ್ನು ತಾಯಿಯು ಪ್ರತಿದಿನ ಕಾಣುತ್ತಾಳೆ. ಆದರೆ ಮರಣವಾದ ಮನೆಗೆ ನಾಲ್ಕು ಮಾತು ಬರೆದು ಕಳುಹಿಸಿ ಕರ್ತವ್ಯವು ತೀರಿತೆಂದು ಎಣಿಸುವದು ಬೇರೆ. ಆ ಮನೆಯ ಜಗಲಿಯ ಮೇಲೆ ಹೋಗಿ ಕುಳಿತುಕೊಳ್ಳುವದು ಬೇರೆ. ನಮ್ಮ ವಸತಿಗೃಹದಲ್ಲಿ ಮನೆಯಿಂದ ದುಃಖದ ಸುದ್ದಿ ಬಂದ ಚಿಕ್ಕ ಹುಡುಗಿಯನ್ನು ಸಂತೈಸುವ ಕೆಲಸವನ್ನು ನಾವು ಉಪಾಧ್ಯಾಯಿನಿಯರು ನಮ್ಮಿಂದಾದಮಟ್ಟಿಗೆ ಮಾಡುತ್ತೇವೆ. ಆದರೆ ಅವಳ ಪಕ್ಕದ ಹಾಸಿಗೆಯವಳು, ಏನು ಹೇಳಬೇಕೆಂದು ತಿಳಿಯದೆ, ಅವಳ ಜಡೆಯನ್ನು ಬಾಚಿ, ತಟ್ಟೆಯನ್ನು ತಂದಿಟ್ಟು, ರಾತ್ರಿಯೆಲ್ಲಾ ಅವಳ ಕೈಹಿಡಿದು ಮಲಗುವದನ್ನು ಒಂದಲ್ಲ ಎರಡಲ್ಲ, ಅನೇಕ ಸಾರಿ ಕಂಡಿದ್ದೇವೆ. ಉಪದೇಶವು ತಲುಪಲಾರದ ಸ್ಥಳಕ್ಕೆ ಆ ಕೈಯು ತಲುಪಿತು.

ತುಖಿಕನ ಹೆಸರು ಹೊಸ ಒಡಂಬಡಿಕೆಯಲ್ಲಿ ಐದೇ ಕಡೆ ಬರುತ್ತದೆ. ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿ ಅವನು ಆಸ್ಯ ಸೀಮೆಯವನಾಗಿ, ತ್ರೊಫಿಮನ ಜೊತೆಯಲ್ಲಿ, ಪೌಲನೊಂದಿಗೆ ಪ್ರಯಾಣಮಾಡಿದವರಲ್ಲಿ ಒಬ್ಬನು. ಯೆರೂಸಲೇಮಿನ ಬಡವರಿಗಾಗಿ ಸಭೆಗಳಲ್ಲಿ ಕೂಡಿಸಿದ ಹಣವನ್ನು ಇವರು ಒಯ್ಯುತ್ತಿದ್ದರೆಂದು ಅನೇಕ ವ್ಯಾಖ್ಯಾನಕಾರರ ಅಭಿಪ್ರಾಯ. ಎಫೆಸ, ಕೊಲೊಸ್ಸೆ ಪತ್ರಿಕೆಗಳ ಮಾತನ್ನು ಆಗಲೇ ಹೇಳಿದೆವು. ತೀತನಿಗೆ ಬರೆದ ಪತ್ರಿಕೆಯಲ್ಲಿ, ಕ್ರೇತ ದ್ವೀಪದಿಂದ ತೀತನು ಪೌಲನ ಬಳಿಗೆ ಬರುವಂತೆ, ಅರ್ತೆಮನನ್ನಾದರೂ ತುಖಿಕನನ್ನಾದರೂ ಅಲ್ಲಿಗೆ ಕಳುಹಿಸುವ ಯೋಚನೆ ಕಾಣುತ್ತದೆ. ಅಂದರೆ ಅವನು ಬದಲಿಯಾಗಿ ಹೋಗತಕ್ಕವನು! ಶಾಲೆಯನ್ನು ನಡಿಸುವ ನಮ್ಮಂಥವರಿಗೆ ಈ ವಚನವು ಎಷ್ಟು ಪ್ರಿಯವೆಂಬದನ್ನು ಏನು ಹೇಳೋಣ! ಮತ್ತೊಬ್ಬಳು ರಜದ ಮೇಲೆ ಹೋದಾಗ ಮುಖ ಗಂಟಿಕ್ಕದೆ ಅವಳ ತರಗತಿಯನ್ನು ವಹಿಸಿಕೊಂಡು, ಅವಳು ಹಿಂತಿರುಗಿದಾಗ ಸದ್ದಿಲ್ಲದೆ ಬಿಟ್ಟುಕೊಡುವ ಉಪಾಧ್ಯಾಯಿನಿಯು ತುಖಿಕನ ವಂಶದವಳು.

ಐದನೆಯ ಸ್ಥಳವು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿದೆ. ಪೌಲನ ಅಂತ್ಯವು ಸಮೀಪಿಸಿದೆ, ದೇಮನು ಬಿಟ್ಟುಹೋಗಿದ್ದಾನೆ, ಲೂಕನೊಬ್ಬನೇ ಹತ್ತಿರದಲ್ಲಿದ್ದಾನೆ. ತನಗೇ ಸಂಗಾತಿಗಳು ಬೇಕಾಗಿದ್ದ ಆ ಹೊತ್ತಿನಲ್ಲಿ ಪೌಲನು ತುಖಿಕನನ್ನು ಎಫೆಸಕ್ಕೆ ಕಳುಹಿಸಿದನು. ಕಳುಹಿಸಿದವನಿಗೂ ಹೋದವನಿಗೂ ಆ ಅಗಲಿಕೆಯು ಸುಲಭವಾಗಿದ್ದಿರಲಾರದು.

ಇಷ್ಟು ದಾರಿ ನಡೆದವನು ಆಡಿದ ಮಾತು ಒಂದಾದರೂ ಸತ್ಯವೇದದಲ್ಲಿ ಉಳಿದಿಲ್ಲ. ಅವನು ನಂಬಿಗಸ್ತನಾದ ಸೇವಕನೆಂಬ ಸಾಕ್ಷಿ ಮಾತ್ರ ಉಳಿದಿದೆ. ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆಯ ಸಂಗತಿಯೂ ಇಂಥದ್ದೇ; ರೋಮಾಪುರದವರಿಗೆ ಬರೆದ ಮಹಾಪತ್ರಿಕೆಯನ್ನು ಒಯ್ದವಳು ಅವಳೇ ಎಂದು ಹೆಚ್ಚು ಮಂದಿ ಎಣಿಸುತ್ತಾರೆ. ನಮ್ಮ ಕನ್ನಡನಾಡಿನಲ್ಲಿ, 19ನೆಯ ಶತಮಾನದಲ್ಲಿ, ಮನೆಮನೆಗೂ ಹೋಗಿ ಹೆಂಗಸರಿಗೆ ಅಕ್ಷರವನ್ನು ಕಲಿಸಿದ ಬೈಬಲ್ ಸ್ತ್ರೀಯರಲ್ಲಿ ಎಷ್ಟು ಜನರ ಹೆಸರನ್ನು ನಾವು ಹೇಳಬಲ್ಲೆವು? ಆದಾಗ್ಯೂ ಅವರು ಕಲಿಸಿದ ಅಕ್ಷರವು ಮಗಳಿಗೂ ಮೊಮ್ಮಗಳಿಗೂ ಬಂತು.

ಇನ್ನು ಮಾತಿನ ವಿಷಯ. ತುಖಿಕನ ಹೆಸರು ಬರುವದು 7ನೆಯ ವಚನದಲ್ಲಿ. ಅದರ ಹಿಂದಿನ ವಚನವೇ ಕೃಪೆಯುಳ್ಳ ಸಂಭಾಷಣೆಯನ್ನು ಕುರಿತದ್ದು. ಮೂಲಭಾಷೆಯಲ್ಲಿ ಅಲ್ಲಿ ಉಪ್ಪಿನ ಹೋಲಿಕೆಯಿದೆ. ಮಾತಿಗೆ ಸಕ್ಕರೆ ಬೆರಸಿರಿ ಎಂದು ಪೌಲನು ಹೇಳಲಿಲ್ಲವೆಂಬದನ್ನು ಮನೆವಾರ್ತೆ ಬಲ್ಲ ನಮ್ಮ ಸೋದರಿಯರು ಗಮನಿಸಲಿ. ಬರೀ ಹೊಗಳಿಕೆಯು ಸಕ್ಕರೆ. ಅದು ಬೇಗನೆ ಬೇಸರವಾಗುತ್ತದೆ. ಉಪ್ಪಾದರೋ ಕೆಡದಂತೆ ಕಾಪಾಡುತ್ತದೆ, ಆದರೆ ಒಂದು ಚಿಟಿಕೆ ಹೆಚ್ಚಾದರೂ ಅಡಿಗೆಯು ಹಾಳು. ಗಣಿತದಲ್ಲಿ ಕಡಿಮೆ ಅಂಕ ತಂದ ಮಗಳಿಗೆ ಎಲ್ಲಾ ಚೆನ್ನಾಗಿದೆಯೆಂದು ಸುಳ್ಳು ಹೇಳುವ ತಂದೆಯೂ, ನಿನ್ನಿಂದ ಏನೂ ಆಗದೆಂದು ನೆರೆಯವರ ಮುಂದೆ ಜರೆಯುವ ತಂದೆಯೂ ಅವಳಿಗೆ ಸಹಾಯಮಾಡುವದಿಲ್ಲ. ನಮ್ಮ ಅನುಭವದಲ್ಲಿ ಎರಡನೆಯವನ ಮಾತು ಹೆಚ್ಚು ಕಾಲ ನಿಲ್ಲುತ್ತದೆ. ಎಷ್ಟೋ ವರುಷಗಳ ಮೇಲೆ ನಮ್ಮನ್ನು ಕಾಣಬಂದ ಹಳೆಯ ವಿದ್ಯಾರ್ಥಿನಿಯರು, ಚಿಕ್ಕಂದಿನಲ್ಲಿ ಕೇಳಿದ ಒಂದು ಚುಚ್ಚುಮಾತನ್ನು ಅಕ್ಷರಶಃ ಹೇಳಿದ್ದುಂಟು.

ಪೌಲನು ಈ ಪಾಠವನ್ನು ತಾನೇ ಹೇಗೆ ನಡಿಸಿದನೆಂಬದು ಅದೇ ಅಧ್ಯಾಯದಲ್ಲಿದೆ. ತುಖಿಕನು ಒಬ್ಬನೇ ಹೋಗಲಿಲ್ಲ. ಅವನ ಜೊತೆಯಲ್ಲಿ ಒನೇಸಿಮನಿದ್ದನು. ಇವನು ಫಿಲೆಮೋನನ ದಾಸನು, ಯಜಮಾನನ ಬಳಿಯಿಂದ ಓಡಿಹೋದವನೆಂದು ಬಹುಕಾಲದಿಂದ ತಿಳಿದಿದ್ದಾರೆ. ಓಡಿಹೋಗಿ ಸಿಕ್ಕಿದ ದಾಸನಿಗೆ ಆ ರಾಜ್ಯದಲ್ಲಿ ಹೊಡೆತ, ಹಣೆಯ ಮೇಲೆ ಬರೆ, ಇನ್ನೂ ಕ್ರೂರವಾದ ಶಿಕ್ಷೆಗಳು ಕಾದಿದ್ದವು. ಅಂಥವನು ತನ್ನ ಕಾಲಿನಿಂದಲೇ ಆ ಮನೆಗೆ ಹಿಂತಿರುಗಬೇಕು! ಆ ದೀರ್ಘ ದಾರಿಯಲ್ಲಿ ಪಕ್ಕದಲ್ಲಿ ನಡೆಯುವ ತುಖಿಕನು ಇರದಿದ್ದರೆ ಅವನ ಹೆಜ್ಜೆ ಎಷ್ಟು ಸಾರಿ ಹಿಂದೆಗೆಯುತ್ತಿತ್ತೋ!

ಸಭೆಯ ಮುಂದೆ ಗಟ್ಟಿಯಾಗಿ ಓದತಕ್ಕ ಪತ್ರದಲ್ಲಿ ಪೌಲನು ಒನೇಸಿಮನ ತಪ್ಪನ್ನು ಎತ್ತಲೇ ಇಲ್ಲ. ಅವನು ನಂಬಿಗಸ್ತನೂ ಪ್ರಿಯನೂ ಆದ ಸಹೋದರನೆಂದೂ, ನಿಮ್ಮ ಊರಿನವನೇ ಎಂದೂ ಹೇಳಿ ನಿಲ್ಲಿಸಿದನು. ದಾಸನೆಂಬ ಮಾತೂ ಅಲ್ಲಿಲ್ಲ. ಲೆಕ್ಕದ ವಿಷಯವನ್ನು ಫಿಲೆಮೋನನ ಮನೆಗೆ ಬರೆದ ಬೇರೊಂದು ಚಿಕ್ಕ ಪತ್ರದಲ್ಲಿಟ್ಟನು. ಅದರಲ್ಲಿಯೂ ಸತ್ಯವನ್ನು ಮುಚ್ಚಲಿಲ್ಲ: ನಷ್ಟವೇನಾದರೂ ಆಗಿದ್ದರೆ ತನ್ನ ಲೆಕ್ಕಕ್ಕೆ ಹಾಕಬೇಕೆಂದು ಸ್ವಹಸ್ತದಿಂದ ಬರೆದುಕೊಟ್ಟನು. ಅಪ್ಪಣೆ ಕೊಡುವ ಅಧಿಕಾರವಿದ್ದರೂ ಬೇಡಿಕೊಂಡನು. ಒನೇಸಿಮನೆಂದರೆ ಗ್ರೀಕ್ ಭಾಷೆಯಲ್ಲಿ ಪ್ರಯೋಜನವುಳ್ಳವನು ಎಂದರ್ಥ. ಹಿಂದೆ ಪ್ರಯೋಜನವಿಲ್ಲದವನಾಗಿದ್ದವನು ಈಗ ಇಬ್ಬರಿಗೂ ಪ್ರಯೋಜನವಾದವನೆಂದು ಹೆಸರಿನ ಮೇಲೆ ಒಂದು ಸಣ್ಣ ವಿನೋದವನ್ನೂ ಮಾಡಿದನು. ಅಷ್ಟು ಕಠಿಣವಾದ ಪತ್ರದಲ್ಲಿ ಒಂದು ಮುಗುಳುನಗೆ! ಉಪ್ಪಿನ ಚಿಟಿಕೆಯೆಂದರೆ ಇದೇ ಎಂದು ನಮಗೆ ತೋರುತ್ತದೆ.

ತಪ್ಪುಮಾಡಿದ ಹುಡುಗಿಯನ್ನು ಬೆಳಗಿನ ಪ್ರಾರ್ಥನೆಯ ಕೂಟದಲ್ಲಿ ನಿಲ್ಲಿಸಿ ಹೆಸರು ಹೇಳಬೇಕೆಂದು ಕೆಲವು ತಾಯಿತಂದೆಗಳು ನಮ್ಮನ್ನು ಒತ್ತಾಯಪಡಿಸುವದುಂಟು. ಹಾಗೆ ಮಾಡುವದಕ್ಕೆ ಮುಂಚೆ ಈ ಎರಡು ಪತ್ರಗಳನ್ನು ಒಟ್ಟಿಗೆ ಓದಿ ನೋಡಬೇಕೆಂದು ಅವರಿಗೆ ವಿನಯದಿಂದ ತಿಳಿಸುತ್ತೇವೆ. ಫಿಲೆಮೋನನಿಗೆ ಬರೆದದ್ದರಲ್ಲಿ 25 ವಚನಗಳು ಮಾತ್ರ. ಸಾಯಂಕಾಲದ ಕುಟುಂಬಪ್ರಾರ್ಥನೆಯಲ್ಲಿ ಒಂದೇ ಸಾರಿಗೆ ಓದಬಹುದು.

ಆ ಇಬ್ಬರು ಪ್ರಯಾಣಿಕರು ಕೊಲೊಸ್ಸೆಯ ಬಾಗಿಲನ್ನು ತಟ್ಟಿದಾಗ ಏನಾಯಿತೆಂಬದನ್ನು ಸತ್ಯವೇದವು ಹೇಳುವದಿಲ್ಲ. ಆದರೆ ಫಿಲೆಮೋನನು ಕೋಪದಿಂದ ಆ ಕಾಗದವನ್ನು ಹರಿದುಹಾಕಿದ್ದರೆ ಅದು ನಮ್ಮ ಕೈಗೆ ಬರುತ್ತಿದ್ದಿಲ್ಲ. ಅದು ಉಳಿದು, ಒಬ್ಬರ ಕೈಯಿಂದ ಒಬ್ಬರ ಕೈಗೆ ನಕಲಾಗಿ, ಇಂದು ನಮ್ಮ ಹುಡುಗಿಯರ ಮೇಜಿನ ಮೇಲೆ ಕನ್ನಡದಲ್ಲಿದೆ.