ಬದು ಕೆತ್ತುವ ಮುಂಚೆ: ಗದ್ದೆ ಆಮೆಯ ಮೊಟ್ಟೆ ಗುರುತಿಸೋದು ಹೇಗೆ?

ಗುತ್ತೂರು, ಹರಿಹರದ ಹೊಳೆದಂಡಿ ಗದ್ದೆಗಳಲ್ಲಿ, ಭದ್ರಾ ನಾಲೆ ನೀರು ಹರಿಯೋ ಕಡೆಗಳಲ್ಲಿ ಕಾಣೋ ಮೆತ್ತನೆ ಚಿಪ್ಪಿನ ಆಮೆ ನಿಮಗೆ ಗೊತ್ತಿರುತ್ತೆ. ಮುಟ್ಟಿದರೆ ತಲೆ, ಕಾಲು ಒಳಗೆಳೆದು ಹಿಂಗಾಲಿನ ಹತ್ತಿರದ ಎರಡು ಮುಚ್ಚಳ ಹಾಕಿಕೊಳ್ಳುತ್ತೆ. ಅಮೆರಿಕದ ಪೆಟ್ಟಿಗೆ ಆಮೆಯದೂ ಹೆಚ್ಚುಕಮ್ಮಿ ಇದೇ ಉಪಾಯ. ಆದರೆ ಅದು ಕಾಡಿನ ನೆಲದ ಮೇಲೆ ಓಡಾಡುವಂಥದ್ದು, ನಮ್ಮದು ನೀರು-ಕೆಸರಿನದು.

ಬದುಕೋದು ನೀರಲ್ಲಾದರೂ ಮೊಟ್ಟೆ ಇಡೋಕೆ ಹೆಣ್ಣು ದಡಕ್ಕೆ ಬರಲೇಬೇಕು. ಮುಂಗಾರಿನ ಹೊತ್ತಿಂದ ಹಿಂಗಾರಿನವರೆಗೆ, ನೀರು ನಿಲ್ಲದ ಮೆತ್ತನೆ ಮಣ್ಣು ಹುಡುಕುತ್ತೆ. ನಮ್ಮ ಕಡೆ ಅಂಥ ಜಾಗ ಅಂದರೆ ಗದ್ದೆ ಬದು, ನಾಲೆ ಏರಿ, ಕೆರೆ ದಂಡೆ. ಹಿಂಗಾಲಿನಿಂದ ಗುಂಡಿ ತೋಡಿ ಬಿಳಿ, ದುಂಡನೆ, ಗಟ್ಟಿ ಸಿಪ್ಪೆಯ ಮೊಟ್ಟೆ ಇಡುತ್ತೆ. ಒಂದೊಂದೂ ಸುಮಾರು 3 ಸೆಂ.ಮೀ. ಮಣ್ಣು ಮುಚ್ಚಿ ಹೋದರೆ ಮುಗೀತು, ತಾಯಿ ಮತ್ತೆ ಬರಲ್ಲ.

ಇಲ್ಲೇ ನಮಗೆ ಸಂಬಂಧಪಟ್ಟ ವಿಷಯ ಇರೋದು. ಪೆಟ್ಟಿಗೆ ಆಮೆ ಮೊಟ್ಟೆ ಸುಮಾರು 3 ತಿಂಗಳಲ್ಲಿ ಒಡೆದರೆ, ಇದರದ್ದು 9 ತಿಂಗಳವರೆಗೂ ಮಣ್ಣಲ್ಲೇ ಇರಬಹುದು. ಮರಿಗಳು ಮಳೆ ಬಿದ್ದು ಮಣ್ಣು ಸಡಿಲಾದಾಗ ಹೊರಬರೋದು ರೂಢಿ. ಅಂದರೆ ಭತ್ತ ಕೊಯ್ದು, ಹುಲ್ಲು ಸುಟ್ಟು, ಜೆಸಿಬಿ ತಂದು ಬದು ಸರಿಮಾಡೋ ಬೇಸಿಗೆ ಪೂರ್ತಿ ಮೊಟ್ಟೆಗಳು ಅಲ್ಲೇ ಕೂತಿರ್ತವೆ! ಅದಕ್ಕೇ ನನ್ನ ಮಾತು: ಬದು ಕೆತ್ತಿ, ಬೇಡ ಅನ್ನಲ್ಲ. ಆದರೆ ಎಲ್ಲಾ ಬದು ಒಂದೇ ವರ್ಷ ಕೆತ್ತಬೇಡಿ, ಬೆಂಕಿಯಂತೂ ಬೇಡ.

ಗುದ್ದಲಿಗೆ ಮೊಟ್ಟೆ ಸಿಕ್ಕರೆ ತಿರುಗಿಸಬೇಡಿ. ಒಳಗಿನ ಭ್ರೂಣ ಸಿಪ್ಪೆಗೆ ಅಂಟಿಕೊಂಡಿರುತ್ತೆ, ಮೇಲ್ಮುಖ ಕೆಳಗಾದರೆ ಸಾಯಬಹುದು. ಫೋಟೋ ತೆಗೀಬೇಕಂದ್ರೂ ಎತ್ತದೇ ತೆಗೀರಿ. ಅದೇ ಮಣ್ಣು ಮುಚ್ಚಿ, ಪಕ್ಕಕ್ಕೆ ಒಂದು ಕೋಲು ನೆಟ್ಟು ಅಷ್ಟು ಜಾಗ ಬಿಡಿ. ಕೋಳಿ ಕಾವಿಗೆ ಇಡೋ ಪ್ರಯೋಗ ಬೇಡವೇ ಬೇಡ.

ಈ ಆಮೆ ಬಸವನಹುಳು, ಕೀಟ, ಸತ್ತ ಮೀನು ತಿಂದು ನೀರು ಚೊಕ್ಕ ಇಡುತ್ತೆ. ಕೆರೆ ಒಣಗಿದಾಗ ಕೆಸರಲ್ಲಿ ಹೂತುಕೊಂಡು ಮಳೆ ಕಾಯುತ್ತೆ, ಹಾಗಾಗಿ ಹೂಳೆತ್ತುವಾಗ್ಲೂ ಸಿಗುತ್ತೆ. ಹಿಡಿದು ಸಾಂಬಾರು ಮಾಡೋರು, ಮನೆ ತೊಟ್ಟಿಗೆ ಬಿಡೋರು ಇಬ್ಬರಿಗೂ ಗೊತ್ತಿರಲಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, 3ರಿಂದ 7 ವರ್ಷ ಜೈಲು. ಗಾಯವಾದ ಆಮೆ ಸಿಕ್ಕರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.